ಬಳೆಯಲ್ಲೊಂದು ಬಿಳಿ ತುಂಡು

"ಹೊಲಾ ಮಾರಿಬಿಡ್ತೇನಿ ತಮ್ಮಾ. ಅಲ್ಲಿ ನೀರಿಲ್ಲಂತ ನಿನ್ನ ಮಗಳ ಕಂಪ್ಯೂಟರ್ ಹೇಳೈತಲ್ಲ!"

ಕಳೆದ ಭಾನುವಾರ ತಿಳವಳ್ಳಿಯಿಂದ ಅಕ್ಕನ ಫೋನು. ಶಿಗ್ಗಾಂವದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ನಾನು ಬಟ್ಟಲು ಕೆಳಗಿಟ್ಟೆ. ಯಾವ ಹೊಲ ಅಂದಿರಿ? ಅಕ್ಕನ ಮದುವೆಯಲ್ಲಿ ಅಪ್ಪ ಅರಿಷಿಣ-ಕುಂಕುಮಕ್ಕೆಂದು ಕೊಟ್ಟ ಎರಡೆಕರೆ. ಅಲ್ಲಿ ಬೋರ್ ಹಾಕಿಸಬೇಕೆಂಬುದು ಅವಳ ಎಷ್ಟೋ ವರ್ಷಗಳ ಆಸೆ.

ತಪ್ಪು ನಮ್ಮ ಮನೆಯದೇ. ಮಗಳು ಸುಧಾ ಎಂಎಸ್ಸಿ ಪ್ರಾಜೆಕ್ಟಿಗೆ ಆ ಹೊಲದ ಹತ್ತಿರದ ಕೆರೆಯೊಂದನ್ನು ಆರಿಸಿಕೊಂಡಿದ್ದಳು. ಕೆರೆಯನ್ನು ನಡುವಿಟ್ಟು ಎಂಟು ದಿಕ್ಕಿಗೆ ಎಂಟು ಗೆರೆ, ಉತ್ತರದ್ದು ಒಂದನೆಯದು, ಸುತ್ತಿ ಬಂದರೆ ವಾಯವ್ಯದ್ದು ಎಂಟನೆಯದು; ಒಂದೊಂದು ಗೆರೆಯ ಮೇಲೆ ಮೂರು ಬಾವಿ. ಪ್ರತಿ ಬಾವಿಯಲ್ಲೂ ನೀರು ಎಷ್ಟು ಆಳದಲ್ಲಿದೆ ಎಂದು ಅಳೆದಳು. ಅಂಕಿಗಳನ್ನು ತುಂಬಿದ ಮೇಲೆ ಸಾಫ್ಟ್‌ವೇರ್ ಒಂದೇ ಆಳದ ಜಾಗಗಳನ್ನೆಲ್ಲ ಜೋಡಿಸಿ, ಕೆರೆಯ ಸುತ್ತ ಬಳೆಯಾಕಾರದ ನಕ್ಷೆ ಬರೆಯಿತು. ನೀರು ಮೇಲಿದ್ದಲ್ಲಿ ಗಾಢ ನೀಲಿ, ಆಳಕ್ಕಿಳಿದಲ್ಲಿ ತಿಳಿನೀಲಿ. ಚೆಂದವಿತ್ತು. ವಾಯವ್ಯಕ್ಕೂ ಉತ್ತರಕ್ಕೂ ನಡುವೆ ಒಂದು ತುಂಡು ಮಾತ್ರ ಬೆಳ್ಳಗೆ ಉಳಿದಿತ್ತು.

ಅದನ್ನು ಲ್ಯಾಮಿನೇಶನ್ ಮಾಡಿಸಿ ಅಕ್ಕನ ಮನೆಗೆ ಕೊಟ್ಟು ಬಂದವನು ನಾನೇ. (ಮಗಳ ಹೆಚ್ಚುಗಾರಿಕೆ ನಾಲ್ಕು ಜನಕ್ಕೆ ತಿಳಿಯಬೇಡವೇ?) ಅಕ್ಕನ ಹೊಲ ಸರಿಯಾಗಿ ಆ ಬಿಳಿ ತುಂಡಿನಲ್ಲೇ ಬಿದ್ದಿತ್ತು. ಅಕ್ಕನ ಗಂಡ, ನಮ್ಮ ಮಾವ, ಅದನ್ನು ನೋಡಿ ಬೋರ್ ಗಾಡಿಯವರಿಗೆ ಬರುವುದು ಬೇಡ ಎಂದುಬಿಟ್ಟರು. ಲ್ಯಾಮಿನೇಶನ್ ಆದ ಕಾಗದಕ್ಕೆ ಎದುರಾಡುವವರು ಯಾರು?

ಸುಧಾ ಲ್ಯಾಪ್‌ಟಾಪ್ ತೆಗೆದು ಕುಳಿತಳು. ಹತ್ತು ನಿಮಿಷಕ್ಕೆ ಹಣೆ ಬಡಿದುಕೊಂಡಳು.

"ಅಪ್ಪಾ, ಎಂಟನೇ ಗೆರಿ ಆದಮ್ಯಾಲ ಮತ್ತ ಒಂದನೇದು ಬರತೈತಿ ಅಂತ ಇದಕ್ಕ ಗೊತ್ತ ಇಲ್ಲ. ಒಂದರಿಂದ ಎಂಟರ ತನಕ ಬಣ್ಣಾ ತುಂಬಿ ಸುಮ್ನ ನಿಂತೈತಿ."

ಗುಡಿ ಸುತ್ತುವ ನಮಗೆ ಇದನ್ನು ಯಾರಾದರೂ ಹೇಳಿಕೊಡಬೇಕೆ? ಯಂತ್ರಕ್ಕೆ ಹೇಳಬೇಕಂತೆ. ಒಂದನೇ ಗೆರೆಯ ಅಂಕಿಗಳನ್ನೇ ಒಂಬತ್ತನೆಯದೆಂದು ಕೊನೆಗೆ ಮತ್ತೊಮ್ಮೆ ತುಂಬಿದಳು. ಬಳೆ ಕೂಡಿಕೊಂಡಿತು. ಅಕ್ಕನ ಹೊಲ ಗಾಢ ನೀಲಿ!

ಮರುದಿನವೇ ಹೊಸ ನಕ್ಷೆ ಹಿಡಿದು, ಹಾನಗಲ್ಲಿನಲ್ಲಿ ಬಸ್ ಬದಲಿಸಿ, ಅಪ್ಪ-ಮಗಳು ತಿಳವಳ್ಳಿ ಮುಟ್ಟಿದೆವು.

"ಅಕ್ಕಾ, ಹೊಲಾ ಮಾರಬ್ಯಾಡ. ಭರಪೂರ ನೀರೈತಿ" ಎಂದೆ. ಮಾವ ಆಗಲೇ ಬೋರ್ ಗಾಡಿಯವರ ನಂಬರ್ ಹುಡುಕತೊಡಗಿದ್ದರು.

ಅಕ್ಕ ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. "ಸುಧಾ, ಈ ನೀಲಿ ಯಾವ ಬಾವಿ ಅಳದು ಬಳದೀಯವಾ?"

ಸುಧಾ ತಲೆ ತಗ್ಗಿಸಿದಳು. ಆ ತುಂಡಿನಲ್ಲಿ ಯಾವ ಬಾವಿಯನ್ನೂ ಅಳೆದಿರಲಿಲ್ಲ. ಅಕ್ಕಪಕ್ಕದ ಎರಡು ಗೆರೆ ನೋಡಿ ಸಾಫ್ಟ್‌ವೇರ್ ಹಾಕಿದ ಅಂದಾಜು ಅದು. ನನಗೂ ನಾಚಿಕೆಯಾಯಿತು.

"ಬೆಳ್ಳಗಿದ್ದಾಗ ನೀರಿಲ್ಲ ಅಂದ್ವಿ, ನೀಲಿ ಬಳದಮ್ಯಾಲ ನೀರೈತಿ ಅನ್ನಾಕತ್ತೇವಿ" ಎಂದಳು ಅಕ್ಕ. "ಆ ಹೊಲದಾಗ ಅಪ್ಪ ತೋಡಿಸಿದ ಹಾಳಬಾವಿ ಐತಲ್ಲ, ಅದರಾಗ ನಮ್ಮಾಗ ಒಬ್ಬರರ ಬಗ್ಗಿ ನೋಡೇವೇನು?"