ಹನ್ನೊಂದರ ಚೀಟಿ

ಆಗ ನನಗೆ ನಲವತ್ತೆರಡು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಮೊನ್ನೆ ಟ್ರಂಕಿನ ತಳದಲ್ಲಿ ಒಂದು ಹಳೆಯ ಬೆಂಕಿಪೊಟ್ಟಣ ಸಿಕ್ಕಿತು. ತೆಗೆದು ಮೂಸಿದರೆ ಹುಳು ಹಿಡಿದ ಹುರುಳಿಯ ವಾಸನೆ. ಕಂಪ್ಯೂಟರ್ ಮೇಷ್ಟ್ರು ನೆನಪಾದರು...

ಅವರು ಪಾಂಡವಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಅಲ್ಲಿ ಕಸ ಗುಡಿಸುವವಳು ನಾನು. ಓದಿದ್ದು ಮೂರನೇ ಕ್ಲಾಸು, ಅಂಕಿ ಚೆನ್ನಾಗಿ ಬರುತ್ತಿತ್ತು. ಬಾಗಿಲ ಹಿಂದೆ ನಿಂತು ಪಾಠ ಕೇಳುತ್ತಿದ್ದೆ. ಒಂದು ದಿನ ಲಿಂಕ್ಡ್ ಲಿಸ್ಟ್ ಅಂದರು. ಸಾಮಾನು ಸಾಲಾಗಿ ಇಡಬೇಕಿಲ್ಲವಂತೆ, ಎಲ್ಲಿ ಬೇಕಾದರೂ ಬಿದ್ದಿರಲಿ, ಒಂದೊಂದೂ ತನ್ನ ಮುಂದಿನದು ಎಲ್ಲಿದೆ ಎಂದು ಹೇಳಿದರೆ ಸಾಕಂತೆ. ಕ್ಲಾಸಿನಲ್ಲಿ ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗೂ ಮೊದಲು ಹೋಗಲಿಲ್ಲ.

ಮನೆಗೆ ಬಂದು ಹನ್ನೆರಡು ಬೆಂಕಿಪೊಟ್ಟಣದ ಮೇಲೆ ನಂಬರು ಬರೆದೆ. ಒಂದೊಂದರೊಳಗೆ ಒಂದೊಂದು ಜಾತಿಯ ಕಾಳು, ಜೊತೆಗೆ ಮುಂದಿನ ಪೊಟ್ಟಣದ ನಂಬರಿನ ಚೀಟಿ. ಕೊನೆಯದರಲ್ಲಿ ಸೊನ್ನೆ. ಎಲ್ಲವನ್ನೂ ಕಲಸಿ ನೆಲಕ್ಕೆ ಚೆಲ್ಲಿದೆ. ಚೀಟಿ ನೋಡಿಕೊಂಡು ಹೋದರೆ ರಾಗಿಯಿಂದ ಎಳ್ಳಿನವರೆಗೆ ಒಂದೂ ತಪ್ಪಲಿಲ್ಲ.

ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಮೇಷ್ಟ್ರಿಗೆ ತೋರಿಸಿದೆ.

"ಸಾ, ನಂಗೂವೆ ಇಂದ್ಗಡೆ ಬೆಂಚಲ್ಲಿ ಒಸಿ ಜಾಗ ಕೊಡಿ."

"ನೀನು ಬೆಂಚ್ ಮೇಲೆ ಕೂತ್ರೆ ಪೊರಕೆನ ಎಲ್ಲಿ ಕೂರ್ಸೋದಮ್ಮ?"

ಕ್ಲಾಸೆಲ್ಲ ನಕ್ಕಿತು. ಪೊಟ್ಟಣಗಳನ್ನು ಮಾತ್ರ ಅವರು ವಾಪಸ್ಸು ಕೊಡಲಿಲ್ಲ. ವಾರದೊಳಗೆ ಅದು ಅವರದೇ ಉಪಾಯವಾಯಿತು. ಭಾನುವಾರ ತಂದೆತಾಯಂದಿರನ್ನು ಕರೆಸಿ ಮಾಡಿ ತೋರಿಸುತ್ತೇನೆ ಎಂದರು.

ಶನಿವಾರ ಮೇಜು ಒರೆಸುವಾಗ ಅವರೆಕಾಳಿನ ಪೊಟ್ಟಣ ಬಿಚ್ಚಿದೆ. ಒಳಗೆ ಹನ್ನೊಂದು ಎಂಬ ಚೀಟಿ. ಅದನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡು, ಮೂರು ಎಂದು ಬರೆದ ಚೀಟಿ ಇಟ್ಟೆ. ಮೂರರಲ್ಲಿ ಇದ್ದದ್ದು ಹುರುಳಿ, ಅವರೆಗಿಂತ ಮೊದಲೇ ಬಂದುಹೋಗುವ ಕಾಳು. ಅಲ್ಲಿಗೆ ದಾರಿ ಸುತ್ತು ಹಾಕಿತು.

ಭಾನುವಾರ ಮೇಷ್ಟ್ರು ಒಂದೊಂದೇ ಬಿಚ್ಚಿದರು. ಹುರುಳಿ ಬಂತು, ಅವರೆ ಬಂತು, ಮತ್ತೆ ಹುರುಳಿ. ಬೆವರು ಒರೆಸಿಕೊಂಡು ಮತ್ತೆ ಬಿಚ್ಚಿದರು. ಮೂರನೇ ಸಲವೂ ಹುರುಳಿಯೇ. ಕ್ಯಾತನಹಳ್ಳಿಯ ರೈತನೊಬ್ಬ ಎದ್ದು ನಿಂತ.

"ಸಾ, ಉಳ್ಳಿಕಾಳು ಬಿತ್ತಿದ್ದಾಯ್ತು, ಇನ್ನೂ ಎಷ್ಟ್ ಸಲ ಬಿತ್ತೀರಿ? ಬ್ಯಾರೆ ಏನಾರ ತಗೀರಿ ಮತ್ತೆ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದರು. "ಎಲ್ಲಿ ತಪ್ಪಾಯ್ತಮ್ಮ?"

"ಪೊರಕೆ ಹಿಡ್ಯೋಳ್ಗೆ ಏನ್ ಗೊತ್ತಾದದು ಸಾ?"

ಅವರು ಹೋದ ವರ್ಷ ತೀರಿಕೊಂಡರಂತೆ. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಎಂದಾದರೂ ಬಂದು ಇನ್ನೊಂದು ಸಲ ಕೇಳುತ್ತಾರೆ, ಆಗಲೂ ಹೇಳಬಾರದು ಎಂದುಕೊಂಡಿದ್ದೆ. ಇನ್ನು ಕೇಳುವವರಿಲ್ಲ... ಆ ಪಾಠದ ಮುಂದಿನದು ಏನಿತ್ತೋ, ನನಗೂ ಯಾರೂ ಹೇಳಿಕೊಡಲಿಲ್ಲ. ಅಂದು ನಾನು ತೆಗೆದಿಟ್ಟುಕೊಂಡ ಹನ್ನೊಂದರ ಚೀಟಿ ಮಾತ್ರ ಟ್ರಂಕಿನಲ್ಲಿ ಸಿಕ್ಕ ಈ ಹುರುಳಿಯ ಪೊಟ್ಟಣದಲ್ಲಿ ಹಳದಿಯಾಗಿ ಕೂತಿದೆ.

ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಆ ಭಾನುವಾರದ ಮರುದಿನ, ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದೆ. ಕಸ ಗುಡಿಸಲಿಲ್ಲ. ನನ್ನ ಹನ್ನೆರಡು ಪೊಟ್ಟಣಗಳನ್ನು ಮಡಿಲಿಗೆ ಹಾಕಿಕೊಂಡೆ. ಪೊರಕೆಯನ್ನು ಮೇಷ್ಟ್ರ ಕುರ್ಚಿಯ ಮೇಲೆ ಕೂರಿಸಿ ಮನೆಗೆ ಬಂದೆ.