ಪೂಜೆಗೆ ಕುಳಿತ ಮಡಚುವ ಚಾಕು

ಗೆಳೆಯರೇ, ರಬಕವಿಯ ನೇಕಾರರ ಮನೆಯಲ್ಲಿದ್ದರೆ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಹೊಸ ಚಾಕು ತರಿಸಬೇಡಿ. ಜೇಬಿನಲ್ಲಿ ಹಿಡಿಸುವ, ಒಂದೇ ಬೆರಳಿಗೆ ಟಕ್ಕೆಂದು ಬಿಚ್ಚಿಕೊಳ್ಳುವ ಕರಿ ಚಾಕು ನನಗೆ ನಿನ್ನೆಯಷ್ಟೇ ಬಂದಿತ್ತು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಅದನ್ನು ಮಗ್ಗದ ಲಾಳಿ, ಕತ್ತರಿ, ಪಾನಾಗಳ ಸಾಲಿನಲ್ಲಿಟ್ಟು ಕುಂಕುಮ ಹಚ್ಚಿದ್ದಳು.

ಮಧ್ಯಾಹ್ನ ಒಂದು ಪಾರ್ಸಲ್ ಬಂತು, ಸುತ್ತಲೂ ಟೇಪು. ಚಾಕು ತೆಗೆದುಕೊಳ್ಳಲು ಹೋದೆ.

"ಮುಟ್ಟಬ್ಯಾಡ ಲೇ! ಪೂಜಿಗೆ ಕುಂತೈತಿ. ನಾಳಿ ಬನ್ನಿ ಕೊಟ್ಟ ಮ್ಯಾಲ ತಗೋ," ಅಂದಳು ಅವ್ವ.

"ಇಂಥಾದಕ್ಕಂತನ ತರಿಸೇನಿ ಬೇ!" ಅಂದೆ.

ಅಷ್ಟರಲ್ಲಿ ಅಪ್ಪ ಪಾರ್ಸಲ್ ಕಸಿದುಕೊಂಡು ಹಲ್ಲಿನಿಂದಲೇ ಟೇಪು ಹರಿದ. "ನಲವತ್ತ ವರ್ಷ ಮಗ್ಗದಾಗ ದಾರ ಕಡದಾವು ಈ ಹಲ್ಲ. ಮಡಚೂದೂ ಬ್ಯಾಡ, ಬಿಚ್ಚೂದೂ ಬ್ಯಾಡ!"

ಒಳಗಿದ್ದದ್ದು ಅದೇ ಚಾಕು ಇಟ್ಟುಕೊಳ್ಳುವ ಚೀಲ.

ಸಂಜೆ ಮಾರಿದವರ ಸಂದೇಶ: "ಚಾಕು ಹೇಗಿದೆ? ನಿಮ್ಮ ಅಭಿಪ್ರಾಯ ತಿಳಿಸಿ."

ತಿಳಿಸಿದೆ: "ಐದು ಸ್ಟಾರ್. ಇನ್ನೂ ಏನನ್ನೂ ಕೊಯ್ದಿಲ್ಲ. ಆದರೆ ಬಂದ ಮರುದಿನವೇ ಮನೆಮಂದಿಯೆಲ್ಲ ಅದಕ್ಕೆ ಕೈ ಮುಗಿದರು. ನಾನು ಹುಟ್ಟಿದಾಗಿನಿಂದ ಇದೇ ಮನೆಯಲ್ಲಿದ್ದೇನೆ, ನನಗೆ ಈವರೆಗೆ ಒಬ್ಬರೂ ಕೈ ಮುಗಿದಿಲ್ಲ."