ಸೋಲಾರಿಗೆ ಹೊದಿಸಿದ ಕಂಬಳಿ

ಬಳ್ಳಾರಿಯಲ್ಲಿ ಮನೆ ಕಟ್ಟಿಸಿ ನೀರು ಕಾಯಿಸಲು ಯಂತ್ರ ಕೂರಿಸಿದೆ ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕಿದ್ದೇನೆ. ಇಲ್ಲಿ ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸಾಕು, ಚಹಾಪುಡಿ ಹಾಕುವುದೊಂದೇ ಬಾಕಿ. ಆದರೂ ನಿಯಮ ಎಂದರೆ ನಿಯಮ. ಹೊಸ ಮನೆಯ ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಕಾಣಬೇಕು, ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕಬೇಕು, ಆಮೇಲೆ ಕಾಯಂ ಕರೆಂಟು. ಅಲ್ಲಿಯವರೆಗೆ ತಾತ್ಕಾಲಿಕ ತಂತಿ, ಒಂದೇ ಫ್ಯಾನು, ಅದರಡಿ ನಾವು ಐದು ಜನ. ಆ ಸಹಿಗಾಗಿ ನಾನು ಎಷ್ಟು ಹಂಬಲಿಸಿದೆನೆಂದರೆ, ನನ್ನ ಮದುವೆಗೂ ಅಷ್ಟು ಹಂಬಲಿಸಿರಲಿಲ್ಲ.

ಹೀಟರ್ ಕೂರಿಸಲು ಬಂದವನನ್ನು ಅವ್ವ ಕೇಳಿದ್ದು ಒಂದೇ ಮಾತು: “ಇದರಾಗ ಬಿಸಿನೀರು ಬೆಳಗಾದ್ರೂ ಆರಂಗಿಲ್ಲೇನು?”

“ಆರಂಗಿಲ್ರಿ ಅಮ್ಮಾ. ಟ್ಯಾಂಕಿಗೆ ಒಳಗ ದಪ್ಪ ಪದರ ಐತಿ.”

ಸಿರುಗುಪ್ಪದ ಕಾಲುವೆಯ ತಣ್ಣೀರಿನಲ್ಲಿ ಬೆಳೆದವಳು ಅವ್ವ. ಮರುದಿನ ನಸುಕಿನಲ್ಲೇ ಎದ್ದು ಆ ಟ್ಯಾಂಕಿಗೆ ತಣ್ಣನೆಯ ನೀರು ತುಂಬಿಸಿ, ಬಿಸಿಲು ಹೀರುವ ಗಾಜಿನ ಕೊಳವೆಗಳಿಗೆ ಕುರುಗೋಡಿನಿಂದ ತಂದ ಕರಿ ಕಂಬಳಿ ಹೊದಿಸಿಬಿಟ್ಟಳು. ನಾನು ಕೂಗಾಡಿದೆ. “ಬಿಸಿ ಹಿಡದಿಡೋ ಡಬ್ಬಿ ತಂಪು ಹಿಡದಿಡಂಗಿಲ್ಲೇನಲೇ?” ಎಂದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಥರ್ಮಾಸ್ ಫ್ಲಾಸ್ಕಿನ ಪಾಠ ನನಗೆ ಬಾಯಿಪಾಠ. ಮಧ್ಯಾಹ್ನ ಆ ಟ್ಯಾಂಕಿನ ನೀರಿನಲ್ಲೇ ಸ್ನಾನ ಮಾಡಿದೆ. ಆ ತಣ್ಣೀರಿನ ಸುಖ ಹೇಳಲಾರೆ.

ಇನ್ಸ್‌ಪೆಕ್ಟರ್ ಬಂದದ್ದು ಸರಿಯಾಗಿ ಎರಡು ಗಂಟೆಯ ಬಿಸಿಲಿಗೆ. ಕಂಬಳಿ ತೆಗೆದಿಡುವಷ್ಟೂ ಪುರುಸೊತ್ತು ಸಿಗಲಿಲ್ಲ.

“ಇದೇನ್ರಿ ಮೇಷ್ಟ್ರೇ?”

“ಧೂಳು ಬೀಳಬಾರದು ಅಂತ...”

“ಬಿಸಿಲೂ ಬೀಳಂಗಿಲ್ಲಲ್ಲರಿ. ನಾ ಹೆಂಗ ಸೈನ್ ಮಾಡ್ಲಿ?” ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಕೆಳಗಿನಿಂದ ಅವ್ವ ಕೂಗಿದಳು: “ತಮ್ಮಾ, ಮಾರಿ ಕೆಂಪಾಗೇತಿ. ಮೊದಲು ಇಳದು ಬಂದು ತೊಳಕೋ.”

ಮುಖ ತೊಳೆಯಲು ಬಚ್ಚಲಿಗೆ ಹೋದವರು ಬಾಗಿಲು ಹಾಕಿಕೊಂಡರು. ಒಂದು ತಂಬಿಗೆಯ ಸದ್ದು ಕೇಳಿತು, ಎರಡಾಯಿತು, ಹತ್ತಾಯಿತು. ಹೊರಬಂದಾಗ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವ್ವ ಕೊಟ್ಟ ಟವೆಲ್ಲಿನಲ್ಲಿ ಒರೆಸಿಕೊಂಡು ಮತ್ತೆ ಮಾಳಿಗೆ ಹತ್ತಿದರು. ಕಂಬಳಿ ಸರಿಸಿ, ಹೀಟರನ್ನು ಕೂಲಂಕಷವಾಗಿ ಪರೀಕ್ಷಿಸಿ, ಫೋಟೋ ತೆಗೆದು, “ಸುಸ್ಥಿತಿಯಲ್ಲಿದೆ” ಎಂದು ಬರೆದು ಸಹಿ ಹಾಕಿದರು. ಬರೆದದ್ದು ಸುಳ್ಳೇನಲ್ಲ. ಆಮೇಲೆ ಕಂಬಳಿಯನ್ನು ತಾವೇ ಮತ್ತೆ ಹೊದಿಸಿ, ನಾಲ್ಕೂ ಮೂಲೆ ಬಿಗಿಯಾಗಿ ಕಟ್ಟಿದರು. ವಿದ್ಯುತ್ ಉಳಿಸಲು ಬಂದ ನಿಯಮ ನಮ್ಮ ಮನೆಯಲ್ಲಿ ಪಾಲನೆಯಾದದ್ದು ಹೀಗೆ.

ಗಾಡಿ ಹತ್ತುವಾಗ ದನಿ ತಗ್ಗಿಸಿ ಕೇಳಿದರು: “ಅಮ್ಮಾ, ಕಂಬಳಿ ಎಲ್ಲಿ ತಂದ್ರಿ?”

“ಕುರುಗೋಡಾಗ. ಎರಡು ತಗೋ ತಮ್ಮಾ,” ಎಂದಳು ಅವ್ವ. “ನಿಮ್ಮ ಸಾಹೇಬ್ರೂ ಕೇಳತಾರ.”